ಹದ ತಪ್ಪಿದ ಜೋಳ: ಕಸ, ಹುಳ, ಮಿಡತೆಗಳ ಜೊತೆ ನೂರು ವರ್ಷದ ಜಗಳ

ಕಳೆದ ವರ್ಷ ನಮ್ಮ ಮನೆಯ ಒಂದು ಎಕರೆ ಎರಿ ಹೊಲದಲ್ಲಿ ಮುಂಗಾರಿ ಜೋಳ ಕೆಟ್ಟಿತು. ಮಳೆ ಕೈಕೊಟ್ಟಿರಲಿಲ್ಲ, ಬೀಜವೂ ಚೆನ್ನಾಗಿಯೇ ಹುಟ್ಟಿತ್ತು. ಆದರೆ ಬಿತ್ತಿದ ಮೂರನೇ ವಾರ ಹೋಗಿ ನೋಡಿದರೆ ಹತ್ತು ಸಸಿಗೆ ನಾಲ್ಕರ ಸುಳಿ ಒಣಗಿ ನಿಂತಿತ್ತು. ಹಿಡಿದು ಎಳೆದರೆ ಸುಳಿ ಸಲೀಸಾಗಿ ಕೈಗೆ ಬರುತ್ತಿತ್ತು. ಅದರ ಬುಡದಲ್ಲಿ ಕೊಳೆತ ವಾಸನೆ.

ಪೇಟೆಗೆ ಹೋಗಿ ಔಷಧದ ಅಂಗಡಿಯವರಿಗೆ ಮೊಬೈಲಿನಲ್ಲಿ ಫೋಟೋ ತೋರಿಸಿದೆವು. ಅವರು ಎರಡು ಬಾಟಲಿ ಕೊಟ್ಟರು. ತಂದು ಹೊಡೆದೆವು. ದುಡ್ಡು ಹೋಯಿತು, ಒಂದು ಸುಳಿಯೂ ತಿರುಗಿ ಬರಲಿಲ್ಲ. ಬದುವಿನ ಮೇಲೆ ಕೂತು ನೋಡುತ್ತಿದ್ದ ನಮ್ಮ ಕಾಕಿ ಅಂದರು: "ಸತ್ತ ಸುಳಿಗೆ ಎಣ್ಣಿ ಹೊಡದ್ರ ಏನ್ ಬಂತೋ ತಮ್ಮಾ? ಅದನ್ನ ತಿಂದ ಹುಳ ತನ್ನ ಕೆಲಸ ಮುಗಿಸೇತಿ."

"ಹಂಗಾದ್ರ ಮೊದಲಿನವರು ಏನ್ ಮಾಡ್ತಿದ್ರು ಕಾಕಿ? ಆವಾಗ ಎಣ್ಣಿನೂ ಇರ್ಲಿಲ್ಲಲ್ಲ?"

"ಎಲ್ಲಾರೂ ಕೂಡಿ ಬಿತ್ತತಿದ್ರು" ಅಂದು ಕಾಕಿ ಎದ್ದು ಹೋದರು.

ಆ ಒಂದು ಮಾತು ನಮ್ಮ ತಲೆಯಲ್ಲಿ ಕೂತುಬಿಟ್ಟಿತು. ಸುದ್ದಿ ಬರೆಯುವ ಕೆಲಸದ ನಡುವೆ ಬಿಡುವಾದಾಗಲೆಲ್ಲ ಜೋಳದ ಹೊಲದ ಹಳೆಯ ಕಥೆ ಹುಡುಕುತ್ತ ಹೋದೆವು. ಜೋಳಕ್ಕೆ ಬಂದ ಕಸ ಯಾವುದು, ಹುಳ ಯಾವುದು, ಯಾರು ಏನು ಮಾಡಿದರು, ಯಾವುದು ಫಲಿಸಿತು, ಯಾವುದು ತಿರುಗಿ ನಮಗೇ ಬಡಿಯಿತು ಎಂದು ನೋಡಿದೆವು. ಸಿಕ್ಕಿದ್ದನ್ನು ಇಲ್ಲಿ ಬರೆದಿದ್ದೇವೆ. ಒಂದೆರಡು ಎಕರೆ ಜೋಳ ಬಿತ್ತುವ ಮನೆಯವರು ಇದನ್ನು ಓದಿದರೆ ನಮ್ಮ ಹಾಗೆ ಎರಡು ಬಾಟಲಿ ದುಡ್ಡು ಕಳೆದುಕೊಳ್ಳುವುದು ತಪ್ಪೀತು.

ಕುಂಟೆ, ಕೂರಿಗೆ ಮತ್ತು ಹೆಣ್ಣಾಳಿನ ಕೈ

ಕಸ ತೆಗೆಯುವ ಕೆಲಸ ಕಸ ಹುಟ್ಟಿದ ಮೇಲೆ ಶುರುವಾಗುತ್ತದೆ ಎಂದು ನಾವು ತಿಳಿದಿದ್ದೇವೆ. ನಮ್ಮ ಅಜ್ಜಂದಿರ ಲೆಕ್ಕದಲ್ಲಿ ಅದು ಬಿತ್ತುವ ಮೊದಲೇ ಶುರು. ಮೊದಲ ಮಳೆ ಬಿದ್ದು ಕಸದ ಬೀಜ ಮೊಳೆತ ಮೇಲೆ ಹೊಲ ಹರಗುತ್ತಿದ್ದರು. ಇನ್ನೊಂದು ಮಳೆ, ಇನ್ನೊಂದು ಸಲ ಹರಗುವುದು. ಕುಂಟೆಯ ಅಲಗು ಮಣ್ಣಿನ ಮೇಲ್ಪದರದ ಕೆಳಗೆ ಹರಿದು ಎಳೆ ಕಸವನ್ನು ಬುಡದಲ್ಲೇ ಕತ್ತರಿಸುತ್ತಿತ್ತು. ಬೀಜ ನೆಲಕ್ಕೆ ಬೀಳುವ ಮೊದಲೇ ಎರಡು ಸುತ್ತಿನ ಕಸ ಸತ್ತಿರುತ್ತಿತ್ತು.

ಬಿತ್ತಿದ್ದು ಕೂರಿಗೆಯಲ್ಲಿ. ಕೈಯಲ್ಲಿ ಎರಚಿದರೆ ಸಾಲು ಇರುವುದಿಲ್ಲ, ಸಾಲು ಇಲ್ಲದಿದ್ದರೆ ಎಡೆಕುಂಟೆ ಹೊಡೆಯಲು ಬರುವುದಿಲ್ಲ. ಕೂರಿಗೆಯ ಸಾಲೂ ಎಡೆಕುಂಟೆಯ ಅಗಲವೂ ಒಂದಕ್ಕೊಂದು ಹೊಂದುವ ಹಾಗೆ ಬಡಿಗೇರರು ಅಳತೆ ಇಟ್ಟು ಮಾಡುತ್ತಿದ್ದರು. ಎತ್ತಿನ ಬಾಯಿಗೆ ಕುಕ್ಕೆ ಕಟ್ಟಿ ಸಾಲಿನ ನಡುವೆ ಎಡಿ ಹೊಡೆದರೆ ಕಸ ಸಾಯುತ್ತದೆ, ಜೊತೆಗೆ ಎರಿ ಮಣ್ಣಿನ ಬಿರುಕು ಮುಚ್ಚಿ ಒಳಗಿನ ಹಸಿ ಉಳಿಯುತ್ತದೆ. ಒಂದು ಕೆಲಸಕ್ಕೆ ಎರಡು ಲಾಭ.

ಸಾಲಿನ ನಡುವಿನ ಕಸ ಎತ್ತಿಗೆ, ಸಾಲಿನೊಳಗಿನ ಕಸ ಹೆಣ್ಣಾಳಿಗೆ. ಕುರ್ಪಿ ಹಿಡಿದು, ಬಗ್ಗಿ, ಸಾಲು ಹಿಡಿದು ಹೋಗುವ ಈ ಕೆಲಸ ಯಾವ ಸರ್ಕಾರಿ ಪುಸ್ತಕದಲ್ಲೂ ದೊಡ್ಡದಾಗಿ ಬರೆದಿಲ್ಲ. ಜೋಳ ಬಿತ್ತಿದ ಮೊದಲ 30 ರಿಂದ 45 ದಿನ ಕಸ ಇರದಂತೆ ನೋಡಿಕೊಂಡರೆ ಆಮೇಲೆ ಜೋಳವೇ ಎತ್ತರ ಬೆಳೆದು ನೆರಳು ಚೆಲ್ಲಿ ಕಸವನ್ನು ತುಳಿಯುತ್ತದೆ ಎಂದು ಇವತ್ತಿನ ಕೃಷಿ ವಿಜ್ಞಾನ ಹೇಳುತ್ತದೆ. ಆ ಒಂದೂವರೆ ತಿಂಗಳು ಈ ಸೀಮೆಯ ಜೋಳವನ್ನು ಕಾಯ್ದದ್ದು ಹೆಣ್ಣುಮಕ್ಕಳ ಸೊಂಟ. ಒಬ್ಬರ ಹೊಲಕ್ಕೆ ಒಬ್ಬರು ಮುಯ್ಯಾಳು ಹೋಗಿ ಹದ ತಪ್ಪದಂತೆ ಕೆಲಸ ಮುಗಿಸುತ್ತಿದ್ದರು. ಕಿತ್ತ ಕಸದಲ್ಲಿ ಹಕ್ಕರಕಿ ಸಿಕ್ಕರೆ ಅದು ಬುತ್ತಿಯ ರೊಟ್ಟಿಗೆ. ಉಳಿದದ್ದು ದನಕ್ಕೆ.

ಹಾಗಂತ ಆಗ ಎಲ್ಲವೂ ಚಂದ ಇತ್ತು ಎಂದು ನಾವು ಹೇಳುವುದಿಲ್ಲ. ಕರಿಕಿಯಂಥ ಕಸಕ್ಕೆ ಮರದ ನೇಗಿಲೂ ಕುಂಟೆಯೂ ಸೋತಿದ್ದವು. ಕರಿಕಿಯ ಬೇರು ಎರಿ ಮಣ್ಣಿನಲ್ಲಿ ಆಳಕ್ಕೆ ಇಳಿದಿರುತ್ತದೆ. ಮೇಲೆ ಕತ್ತರಿಸಿದರೆ ಕೆಳಗಿನಿಂದ ಮತ್ತೆ ಚಿಗುರುತ್ತದೆ. ಕರಿಕಿ ಹಬ್ಬಿದ ಹೊಲವನ್ನು ಬೀಳು ಬಿಟ್ಟವರೂ ಇದ್ದರು.

ಎರಡು ವರ್ಷ ಮಾರಾಟವಾಗದ ನೇಗಿಲು

ಕರಿಕಿಯ ಮಾತು ಬಂದರೆ ಬೆಳಗಾವಿಯ ಕಥೆ ಹೇಳಲೇಬೇಕು. ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದರು. 1903ರಲ್ಲಿ ಅವರು ಕಬ್ಬಿಣದ ನೇಗಿಲು ಮಾಡಿದರು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತಂತೆ. ಕಬ್ಬಿಣ ತಾಕಿದರೆ ಭೂಮಿಗೆ ವಿಷ ಏರುತ್ತದೆ ಎಂದು ರೈತರು ಹೆದರಿದ್ದರು.

ಕಡೆಗೆ ರೈತರು ಒಪ್ಪಿದರು. ಕಬ್ಬಿಣದ ನೇಗಿಲು ಮಣ್ಣನ್ನು ಮಗುಚಿ ಹಾಕುತ್ತದೆ. ಬೇಸಿಗೆಯಲ್ಲಿ ಆಳಕ್ಕೆ ಹೊಡೆದರೆ ಕರಿಕಿಯ ಬೇರು, ಜೇಕಿನ ಗಡ್ಡೆ ಮೇಲಕ್ಕೆ ಬಂದು ಬಿಸಿಲಿಗೆ ಒಣಗುತ್ತವೆ. ಎಂಟು ಎತ್ತು ಕಟ್ಟಿ ನೇಗಿಲು ಹೊಡೆದದ್ದನ್ನು ನೆನೆಯುವ ಹಿರಿಯರು ಇನ್ನೂ ಊರೂರಲ್ಲಿ ಇದ್ದಾರೆ. ಎಂಟು ಎತ್ತು ಒಂದು ಮನೆಯಲ್ಲಿ ಇರುತ್ತಿರಲಿಲ್ಲ. ನಾಲ್ಕು ಮನೆಯವರು ಕೂಡಿದರೆ ಮಾತ್ರ ನೇಗಿಲು ಏಳುತ್ತಿತ್ತು. ಇಲ್ಲಿಯೂ ಕಾಕಿಯ ಮಾತೇ: ಎಲ್ಲರೂ ಕೂಡಬೇಕು.

ರೆಕ್ಕೆ ಇಲ್ಲದ ಮಿಡತೆ, ಕೆನಡಾದ ಸಾಹೇಬ

ಹಳೆ ಮೈಸೂರು ರಾಜ್ಯದಲ್ಲಿ ಜೋಳದ ಸೀಮೆ ಎಂದರೆ ಚಿತ್ರದುರ್ಗದ ಕಡೆ. ಅಲ್ಲಿ ಜೋಳಕ್ಕೆ ಒಂದು ವಿಚಿತ್ರ ಮಿಡತೆ ಬೀಳುತ್ತಿತ್ತು. ದಪ್ಪ ಮೈ, ರೆಕ್ಕೆ ಇಲ್ಲ, ಹಾರುವುದಿಲ್ಲ. ಆದರೆ ಎಲೆ ತಿಂದು ಬರೀ ದಂಟು ಉಳಿಸುತ್ತಿತ್ತು.

ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು. ಬೆಳೆಯ ರೋಗ ಮತ್ತು ಕೀಟಗಳನ್ನು ನೋಡುವುದು ಅವರ ಕೆಲಸ. ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಬಳಕೆಗೆ ತಂದವರು ಇವರೇ. ಜೋಳದ ಮಿಡತೆಯನ್ನೂ ಅವರು ಕೂತು ಅಭ್ಯಾಸ ಮಾಡಿದರು. ಸ್ಪೇನ್ ದೇಶದ ಕೀಟ ವಿಜ್ಞಾನಿ ಬೊಲಿವಾರ್ 1910ರಲ್ಲಿ ಈ ಮಿಡತೆಗೆ ಕೋಲ್ಮನ್ ಹೆಸರನ್ನೇ ಇಟ್ಟು 'ಕೋಲ್ಮೇನಿಯಾ' ಎಂದು ಕರೆದರು. 1911ರಲ್ಲಿ ಮೈಸೂರು ಕೃಷಿ ಇಲಾಖೆ ಕೋಲ್ಮನ್ ಬರೆದ ಪುಸ್ತಿಕೆಯನ್ನು ಅಚ್ಚು ಹಾಕಿಸಿತು. ಅದರ ತಲೆಬರಹದಲ್ಲೇ 'ಜೋಳ' ಎಂಬ ನಮ್ಮ ಶಬ್ದ ಇದೆ.

ಅವರು ಮೊದಲು ಮಾಡಿದ ಕೆಲಸ ಮಿಡತೆಯ ವರ್ಷದ ದಿನಚರಿ ಬರೆದುಕೊಂಡದ್ದು. ಹೆಣ್ಣು ಮಿಡತೆ ಮಳೆಗಾಲ ಮುಗಿಯುವ ಹೊತ್ತಿಗೆ ಮಣ್ಣಿನೊಳಗೆ ಗೊಂಚಲು ಗೊಂಚಲಾಗಿ ಮೊಟ್ಟೆ ಇಡುತ್ತದೆ. ಮೊಟ್ಟೆಗಳು ಬೇಸಿಗೆಯೆಲ್ಲ ನೆಲದಲ್ಲಿ ಮಲಗಿ ಮುಂಗಾರಿನ ಮಳೆಗೆ ಒಡೆಯುತ್ತವೆ. ವರ್ಷಕ್ಕೆ ಒಂದೇ ಸಂತತಿ. ಇಷ್ಟು ಗೊತ್ತಾದ ಮೇಲೆ ಎರಡು ದಾರಿ ಕಂಡವು. ಮೊಟ್ಟೆ ಇರುವಾಗ ನೇಗಿಲು ಹೊಡೆದು ಅದನ್ನು ಬಿಸಿಲಿಗೂ ಹಕ್ಕಿಗೂ ಒಡ್ಡುವುದು ಒಂದು. ಮರಿ ಹುಟ್ಟಿದ ಹೊಸತರಲ್ಲಿ ಚೀಲದಂಥ ಬಲೆಯನ್ನು ಬೆಳೆಯ ಮೇಲೆ ಬೀಸಿ ಹಿಡಿದು ಕೊಲ್ಲುವುದು ಇನ್ನೊಂದು.

ಈ ಮಿಡತೆಗೆ ರೆಕ್ಕೆ ಇಲ್ಲ ಎಂಬುದು ರೈತನಿಗೆ ವರ. ಹಾರಿ ಬರುವ ಕೀಟವನ್ನು ಇವತ್ತು ಕೊಂದರೆ ನಾಳೆ ಬೇರೆ ಊರಿನಿಂದ ಬರುತ್ತದೆ. ಇದು ಹಾಗಲ್ಲ. ಒಂದು ಹೊಲ ಒಮ್ಮೆ ಸ್ವಚ್ಛವಾದರೆ ಬೇಗನೆ ತಿರುಗಿ ಬರುವುದಿಲ್ಲ. ಆದರೆ ಪಕ್ಕದ ಹೊಲದವನು ಸುಮ್ಮನೆ ಕೂತರೆ ಅಲ್ಲಿಂದ ನಿಧಾನವಾಗಿ ನಡೆದುಕೊಂಡೇ ಬರುತ್ತದೆ. ಬದು ಎಂಬುದು ಮಿಡತೆಗೆ ಗೊತ್ತಿಲ್ಲ.

ಕಾಡಿಗೆ ತೆನೆ

ಕೆಲವೊಮ್ಮೆ ತೆನೆ ಒಡೆದರೆ ಕಾಳಿನ ಬದಲು ಕಪ್ಪು ಪುಡಿ ಇರುತ್ತದೆ. ನಾವು ಅದನ್ನು ಕಾಡಿಗೆ ರೋಗ ಎನ್ನುತ್ತೇವೆ. ಇದು ಹುಳವಲ್ಲ, ಬೂಷ್ಟು. ಹಿಂದಿನ ಕಾಲದಲ್ಲಿ ಇದನ್ನು ದೃಷ್ಟಿ ಎಂದೋ ದೇವರ ಮುನಿಸು ಎಂದೋ ತಿಳಿದು ಸುಮ್ಮನಾಗುತ್ತಿದ್ದವರು ಬಹಳ. ರೋಗ ಹತ್ತುವುದು ಮಾತ್ರ ಕಣದಲ್ಲಿ. ರೋಗದ ತೆನೆಯನ್ನು ಒಳ್ಳೆಯ ತೆನೆಯ ಜೊತೆ ಬಡಿದಾಗ ಕಪ್ಪು ಪುಡಿ ಎಲ್ಲ ಕಾಳಿಗೂ ಅಂಟುತ್ತದೆ. ಆ ಕಾಳನ್ನೇ ಬೀಜಕ್ಕೆ ಇಟ್ಟರೆ ಮುಂದಿನ ವರ್ಷ ರೋಗವನ್ನು ನಾವೇ ಬಿತ್ತಿದ ಹಾಗೆ.

ಇದು ತಿಳಿದ ಮೇಲೆ ಔಷಧ ಸುಲಭವಾಯಿತು. ಧಾರವಾಡ, ವಿಜಯಪುರಗಳು ಸೇರಿದ್ದ ಆಗಿನ ಮುಂಬಯಿ ಪ್ರಾಂತದಲ್ಲಿ ಕೃಷಿ ಇಲಾಖೆ ಮೈಲುತುತ್ತದ ನೀರಿನಲ್ಲಿ ಬೀಜ ಅದ್ದುವುದನ್ನು ರೈತರಿಗೆ ಹೇಳಿಕೊಟ್ಟಿತು. ಆಮೇಲೆ ಅದಕ್ಕಿಂತ ಸುಲಭವಾದ ಗಂಧಕದ ಪುಡಿ ಬಂತು. ಬೀಜಕ್ಕೆ ಪುಡಿ ಹಾಕಿ ಕಲಸಿ ಬಿತ್ತಿದರೆ ಮುಗಿಯಿತು. ಇಡೀ ಹೊಲಕ್ಕೆ ಹೊಡೆಯುವ ಬದಲು ಒಂದು ಸೇರು ಬೀಜಕ್ಕೆ ಹಚ್ಚುವ ಈ ಯುಕ್ತಿ, ಬಡ ರೈತನಿಗೆ ಕೈಗೆಟಕುವ ದರದಲ್ಲಿ ವಿಜ್ಞಾನ ಕೊಟ್ಟ ಮೊದಲ ಕೊಡುಗೆಗಳಲ್ಲಿ ಒಂದು. ಬೀಜೋಪಚಾರ ಎಂದು ಈಗ ನಾವು ಕರೆಯುವುದು ಇದನ್ನೇ.

ಬೇರು ಕಚ್ಚುವ ಕಸ

ಜೋಳದ ಬುಡದಲ್ಲಿ ಗೇಣುದ್ದ ಬೆಳೆದು ಸಣ್ಣ ಬಿಳಿ ಹೂ ಬಿಡುವ ಒಂದು ಕಸವಿದೆ. ಊರೂರಿಗೆ ಹೆಸರು ಬೇರೆ, ವಿಜ್ಞಾನಿಗಳು ಸ್ಟ್ರೈಗಾ ಎನ್ನುತ್ತಾರೆ. ನೋಡಲು ಪಾಪದ ಗಿಡ. ಆದರೆ ಅದರ ಬೇರು ಮಣ್ಣಿನಲ್ಲಿ ಜೋಳದ ಬೇರಿಗೆ ಕಚ್ಚಿಕೊಂಡು ನೀರು, ಸಾರ ಹೀರುತ್ತದೆ. ಮೇಲೆ ಜೋಳ ಮಳೆ ಇದ್ದರೂ ಬಾಡಿದಂತೆ ನಿಲ್ಲುತ್ತದೆ. ಕಸ ಮಣ್ಣಿನ ಮೇಲೆ ಕಾಣುವ ಹೊತ್ತಿಗೆ ಅರ್ಧ ಹಾನಿ ಮುಗಿದಿರುತ್ತದೆ. ಒಂದು ಗಿಡದಿಂದ ಹತ್ತಾರು ಸಾವಿರ ಬೀಜ ಉದುರುತ್ತವೆ. ಧೂಳಿನಷ್ಟು ಸಣ್ಣ. ಮಣ್ಣಿನಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಜೀವ ಹಿಡಿದು ಕಾಯಬಲ್ಲವು.

ಈ ಕಸದ ಕಥೆಯಲ್ಲಿ ನಮ್ಮ ದೇಶದವರೊಬ್ಬರ ಪಾಲೂ ಇದೆ. ಅಮೆರಿಕದ ಉತ್ತರ ಕ್ಯಾರೊಲಿನಾದಲ್ಲಿ ಮೆಕ್ಕೆಜೋಳದ ಬೆಳೆ ಕಾರಣ ತಿಳಿಯದೆ ಕುಗ್ಗುತ್ತಿತ್ತು. 1956ರಲ್ಲಿ ಅಲ್ಲಿಗೆ ಓದಲು ಹೋಗಿದ್ದ ಭಾರತದ ಕೃಷಿ ವಿದ್ಯಾರ್ಥಿಯೊಬ್ಬರು ಹೊಲ ನೋಡಿ, ಇದು ನಮ್ಮ ಕಡೆ ಜೋಳಕ್ಕೆ ಬೀಳುವ ಕಸ ಎಂದು ಗುರುತಿಸಿದರು. ಅಮೆರಿಕ ಸರ್ಕಾರ ಆ ಸೀಮೆಗೆ ದಿಗ್ಬಂಧನ ಹಾಕಿ, ಮಣ್ಣಿಗೆ ಎಥಿಲೀನ್ ಗಾಳಿ ಬಿಟ್ಟು, ಕಸದ ಬೀಜ ಸುಳ್ಳೇ ಮೊಳೆತು ಸಾಯುವಂತೆ ಮಾಡಿ, ದಶಕಗಳ ಕಾಲ ದುಡ್ಡು ಸುರಿದು ಅದನ್ನು ಹೆಚ್ಚುಕಡಿಮೆ ಇಲ್ಲವಾಗಿಸಿತು.

ನಮಗೆ ಅಷ್ಟು ದುಡ್ಡಿಲ್ಲ. ಆದರೆ ಅದೇ ಹುಡುಕಾಟದಲ್ಲಿ 1966ರಲ್ಲಿ ಅಮೆರಿಕದ ವಿಜ್ಞಾನಿಗಳಿಗೆ ಒಂದು ಗುಟ್ಟು ಸಿಕ್ಕಿತು. ಸ್ಟ್ರೈಗಾ ಬೀಜ ತಾನಾಗಿ ಮೊಳೆಯುವುದಿಲ್ಲ. ಬೇರಿನಿಂದ ಒಸರುವ ಒಂದು ರಸದ ಸುಳಿವು ಸಿಕ್ಕರೆ ಮಾತ್ರ ಮೊಳೆಯುತ್ತದೆ. ಆ ರಸ ಮೊದಲು ಸಿಕ್ಕಿದ್ದು ಹತ್ತಿಯ ಬೇರಿನಲ್ಲಿ. ತಮಾಷೆ ಏನೆಂದರೆ ಹತ್ತಿಯನ್ನು ಸ್ಟ್ರೈಗಾ ಕಚ್ಚಲಾರದು. ಅಂದರೆ ಹತ್ತಿ ಹಾಕಿದ ವರ್ಷ ಕಸದ ಬೀಜ ಮೋಸ ಹೋಗಿ ಮೊಳೆಯುತ್ತದೆ, ಉಣ್ಣಲು ಏನೂ ಸಿಗದೆ ಸಾಯುತ್ತದೆ. ನಮ್ಮ ಎರಿ ಹೊಲದಲ್ಲಿ ಒಂದು ವರ್ಷ ಜೋಳ, ಒಂದು ವರ್ಷ ಹತ್ತಿ ಹಾಕುತ್ತಿದ್ದ ಹಿರಿಯರಿಗೆ ಈ ರಸಾಯನ ಗೊತ್ತಿರಲಿಲ್ಲ. ಹಾಗೆ ಹಾಕಿದರೆ ಹೊಲ ಹಗುರಾಗುತ್ತದೆ ಎಂಬುದು ಗೊತ್ತಿತ್ತು.

ಆಫ್ರಿಕಾದ ಜೋಳಕ್ಕೆ ಇದೇ ಜಾತಿಯ ಕಸ ದೊಡ್ಡ ಶಾಪ. ಇಥಿಯೋಪಿಯಾದ ಹಳ್ಳಿಯಲ್ಲಿ ಹುಟ್ಟಿದ ಗೆಬಿಸಾ ಎಜೆಟಾ ಈ ಕಸಕ್ಕೆ ಬಗ್ಗದ ಜೋಳದ ತಳಿಗಳನ್ನು ಬೆಳೆಸಿದರು. 2009ರಲ್ಲಿ ಅವರಿಗೆ ವಿಶ್ವ ಆಹಾರ ಪ್ರಶಸ್ತಿ ಬಂತು.

ಹೈಬ್ರಿಡ್ ಬಂತು, ಸುಳಿ ನೊಣ ಹೆಚ್ಚಿತು

ಈಗ ನಮ್ಮ ಹೊಲದ ಸುಳಿಗೆ ಬರೋಣ. ಅದನ್ನು ಕೊಂದದ್ದು ಸುಳಿ ನೊಣ. ಮನೆ ನೊಣಕ್ಕಿಂತ ಸಣ್ಣದು. ಎಳೆ ಸಸಿಯ ಎಲೆಯ ಕೆಳಗೆ ಒಂದೊಂದೇ ಬಿಳಿ ಮೊಟ್ಟೆ ಇಡುತ್ತದೆ. ಒಂದೆರಡು ದಿನದಲ್ಲಿ ಮರಿ ಹೊರಬಂದು ಸುಳಿಯೊಳಗೆ ಇಳಿದು ಬೆಳೆಯುವ ತುದಿಯನ್ನೇ ಕತ್ತರಿಸುತ್ತದೆ, ಕೊಳೆತದ್ದನ್ನು ತಿನ್ನುತ್ತದೆ. ಸುಳಿ ಒಣಗಿದ್ದು ನಮ್ಮ ಕಣ್ಣಿಗೆ ಬೀಳುವಾಗ ಆಟ ಮುಗಿದಿರುತ್ತದೆ. ಕಾಕಿ ಹೇಳಿದ್ದು ಅಕ್ಷರಕ್ಷರ ಸರಿ. ಸಸಿಗೆ ಒಂದು ತಿಂಗಳು ತುಂಬಿದರೆ ಈ ನೊಣದ ಭಯ ಹೋಯಿತು.

ನೊಣ ಹೊಸದಲ್ಲ. ಅದರ ಕಾಟ ಹೆಚ್ಚಿದ್ದು ಹೊಸದು. ಮೊದಲು ಮಿರಗ ಇಲ್ಲವೇ ಅರಿದ್ರಾ ಮಳೆಗೆ ಊರಿಗೆ ಊರೇ ಬಿತ್ತುತ್ತಿತ್ತು. ಬೇಸಿಗೆಯಲ್ಲಿ ತಿನ್ನಲು ಸಿಗದೆ ನೊಣದ ಸಂಖ್ಯೆ ಕಡಿಮೆ ಇರುತ್ತಿತ್ತು. ಅಷ್ಟು ನೊಣ ಸಾವಿರಾರು ಎಕರೆ ಸಸಿಗೆ ಹಂಚಿಹೋಗುತ್ತಿತ್ತು. ಅದರ ಮುಂದಿನ ಸಂತತಿ ಏಳುವಷ್ಟರಲ್ಲಿ ಸಸಿ ಬಲಿತಿರುತ್ತಿತ್ತು.

1964ರಲ್ಲಿ ದೇಶದ ಮೊದಲ ಹೈಬ್ರಿಡ್ ಜೋಳ ಸಿಎಸ್‌ಎಚ್-1 ಬಂತು. ಕುಳ್ಳು ಗಿಡ, ಬೇಗ ಕೊಯ್ಲು, ಇಳುವರಿ ಹೆಚ್ಚು. ಬರಗಾಲ ನೋಡಿದ್ದ ದೇಶಕ್ಕೆ ಅದು ಬೇಕಿತ್ತು, ಅದರಿಂದ ಹೊಟ್ಟೆ ತುಂಬಿದ್ದು ಸುಳ್ಳಲ್ಲ. ಆದರೆ ಹೊಸ ಜೋಳಕ್ಕೂ ಹಳೆ ಜೋಳಕ್ಕೂ ಅವಧಿ ಬೇರೆ, ಹೂ ಬಿಡುವ ದಿನ ಬೇರೆ. ಒಂದೇ ಊರಿನಲ್ಲಿ ಒಂದು ಹೊಲ ಸಸಿ, ಇನ್ನೊಂದು ಹೊಲ ಮೊಳಕಾಲೆತ್ತರ. ಹಿಂದೆ ಬಿತ್ತಿದವನ ಹೊಲಕ್ಕೆ ಮುಂದೆ ಬಿತ್ತಿದವನ ಹೊಲದಲ್ಲಿ ಹುಟ್ಟಿದ ನೊಣವೆಲ್ಲ ಬಂದು ಎರಗಿತು. ಹೂ ಬಿಡುವಾಗ ಮಿಡ್ಜ್ ಎಂಬ ಸಣ್ಣ ನೊಣವೂ ಇದೇ ರೀತಿ ಹಿಂದಿನ ಹೊಲವನ್ನೇ ಹಿಡಿದು ತೆನೆಯನ್ನು ಜೊಳ್ಳು ಮಾಡುತ್ತದೆ.

ನಾವು ಕಳೆದ ವರ್ಷ ಮಾಡಿದ ತಪ್ಪು ಇದೇ. ಊರಿನವರು ಅರಿದ್ರಾ ಮಳೆಗೆ ಬಿತ್ತಿದ್ದರು. ನಮಗೆ ಬಾಡಿಗೆ ಟ್ರ್ಯಾಕ್ಟರ್ ಸಿಗದೆ ಪುಷ್ಯ ಮಳೆಗೆ ಬಿತ್ತಿದೆವು. ನಡುವೆ ಸುಮಾರು ನಾಲ್ಕು ವಾರ. ಸುಳಿ ನೊಣದ ಒಂದು ಸುತ್ತು ಮೊಟ್ಟೆಯಿಂದ ನೊಣವಾಗಲು ಮೂರು ವಾರದ ಆಸುಪಾಸು ಸಾಕು. ಸುತ್ತಲ ಹೊಲಗಳಲ್ಲಿ ಹುಟ್ಟಿದ ನೊಣಕ್ಕೆ ನಮ್ಮ ಒಂದು ಎಕರೆ ಎಳೆ ಸಸಿ ಎಲೆ ಹಾಕಿ ಬಡಿಸಿದ ಊಟವಾಯಿತು.

ವಿಜ್ಞಾನಿಗಳು ಕೈಕಟ್ಟಿ ಕೂರಲಿಲ್ಲ. ಮದ್ರಾಸ್ ಪ್ರಾಂತದಲ್ಲಿ ಪೊನ್ನಯ್ಯ ಎಂಬವರು ಈ ನೊಣ ತಡೆಯುವ ಜೋಳ ಯಾವುದೆಂದು ಹುಡುಕಿ 1951ರಲ್ಲೇ ಬರೆದಿದ್ದರು. 1972ರಲ್ಲಿ ಹೈದರಾಬಾದ್ ಹತ್ತಿರದ ಪಟಂಚೆರುವಿನಲ್ಲಿ ಶುರುವಾದ ಇಕ್ರಿಸಾಟ್ ಸಂಸ್ಥೆ ಆ ಕೆಲಸ ಮುಂದುವರಿಸಿತು. ಒಣಮೀನಿನ ಪುಡಿಯ ವಾಸನೆಗೆ ನೊಣ ಬರುತ್ತದೆ ಎಂದು ತಿಳಿದು, ಆ ಪುಡಿಯಿಂದ ನೊಣ ಸೆಳೆದು, ಯಾವ ಜೋಳ ತಡೆಯುತ್ತದೆ ಎಂದು ಪರೀಕ್ಷೆ ಮಾಡಿದರು. ಸಸಿಯಾಗಿದ್ದಾಗ ಎಲೆ ಹೊಳೆಯುವ ಜೋಳಕ್ಕೆ, ಎಲೆಯ ಕೆಳಗೆ ಸಣ್ಣ ರೋಮ ಇರುವ ಜೋಳಕ್ಕೆ ನೊಣದ ಕಾಟ ಕಡಿಮೆ ಎಂದು ಗೊತ್ತಾಯಿತು. ನಮ್ಮ ಹಿಂಗಾರಿ ನಾಟಿ ಜೋಳಗಳಲ್ಲಿ ಬಹಳಷ್ಟು ಇಂಥ ಹೊಳಪಿನವು. ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ 1930ರ ದಶಕದಲ್ಲಿ ಆರಿಸಿದ ಮಾಲದಂಡಿ ಎಂ 35-1 ಕೂಡ ಹಾಗೆಯೇ. ಹಿಂಗಾರಿ ರೈತರು ಅದನ್ನು ಇವತ್ತಿಗೂ ಬಿಟ್ಟಿಲ್ಲದಿರಲು ರೊಟ್ಟಿಯ ರುಚಿ, ಕಣಿಕೆಯ ಜೊತೆ ಇದೂ ಒಂದು ಕಾರಣ.

ಪುಡಿ, ಬಾಟಲಿ ಮತ್ತು ಕಾನೂನು

1952ರಲ್ಲಿ ಕಲ್ಕತ್ತ ಹತ್ತಿರದ ರಿಶ್ರಾದಲ್ಲಿ ಬಿಎಚ್‌ಸಿ ಪುಡಿ ತಯಾರಿಸಲು ಶುರುಮಾಡಿದರು. ಅಗ್ಗದ ಪುಡಿ. ಮಿಡತೆಗೂ ಅದೇ, ತೆನೆ ತಿಗಣೆಗೂ ಅದೇ. ಬಟ್ಟೆಯಲ್ಲಿ ಕಟ್ಟಿ, ಕೋಲಿನಿಂದ ಬಡಿಯುತ್ತ, ಗಾಳಿಯಲ್ಲಿ ಉಸಿರಾಡುತ್ತ ಹೊಲದಲ್ಲಿ ನಡೆದವರನ್ನು ನೆನೆಯುವ ಹಿರಿಯರನ್ನು ನಾವು ಮಾತಾಡಿಸಿದ್ದೇವೆ. ಮೂಗಿಗೆ ವಸ್ತ್ರ ಕಟ್ಟಿಕೊಳ್ಳಿ ಎಂದು ಹೇಳಿದವರೂ ಇರಲಿಲ್ಲವಂತೆ.

1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಹಡಗಿನಲ್ಲಿ ಗೋಧಿ ಹಿಟ್ಟಿಗೆ ಸೇರಿ, ಅದನ್ನು ತಿಂದ ನೂರಕ್ಕೂ ಹೆಚ್ಚು ಜನ ಸತ್ತರು. ಆ ದುರಂತದ ನಂತರ ನಡೆದ ವಿಚಾರಣೆಯ ಫಲವಾಗಿ 1968ರಲ್ಲಿ ಕೀಟನಾಶಕ ಕಾಯ್ದೆ ಬಂತು. ಬಾಟಲಿಯ ಮೇಲೆ ಇವತ್ತು ನೀವು ನೋಡುವ ಕೆಂಪು, ಹಳದಿ, ನೀಲಿ, ಹಸಿರು ಗುರುತಿನ ಹಿಂದೆ ಈ ಕಾನೂನು ಇದೆ. ಕೆಂಪು ಎಂದರೆ ಅತಿ ಹೆಚ್ಚು ವಿಷ. ಬಿಎಚ್‌ಸಿ ಪುಡಿ ನಿಷೇಧವಾದದ್ದು 1997ರಲ್ಲಿ, ಅಂದರೆ ಬಂದ 45 ವರ್ಷದ ಮೇಲೆ.

ವಿಷ ಬೇಡವೇ ಬೇಡ ಎಂದು ನಾವು ಇಲ್ಲಿ ವಾದಿಸುತ್ತಿಲ್ಲ. ಯಾವ ಕೀಟ, ಯಾವ ಹಂತ ಎಂದು ತಿಳಿಯದೆ ಹೊಡೆದ ಎಣ್ಣಿ ಹೊಲಕ್ಕೆ ದಂಡ, ಮೈಗೆ ದಂಡ, ಕಿಸೆಗೆ ದಂಡ. ನಮ್ಮ ಎರಡು ಬಾಟಲಿಯೇ ಸಾಕ್ಷಿ.

ಕಾಂಗ್ರೆಸ್ ಕಸ ಮತ್ತು ಕಸದ ಎಣ್ಣಿ

1955ರಲ್ಲಿ ಪುಣೆಯಲ್ಲಿ ಕಂಡ ಪಾರ್ಥೇನಿಯಂ ಕೆಲವೇ ದಶಕದಲ್ಲಿ ನಮ್ಮ ಬದು, ರಸ್ತೆ ಬದಿ, ಬೀಳು ಎಲ್ಲವನ್ನೂ ತುಂಬಿತು. ನಾವು ಕಾಂಗ್ರೆಸ್ ಕಸ ಎನ್ನುವುದು ಇದನ್ನೇ. ಕಿತ್ತವರ ಮೈ ತುರಿಸುವ, ದನ ಮುಟ್ಟದ ಈ ಕಸ ಹೆಣ್ಣಾಳಿನ ಕೆಲಸವನ್ನು ಇಮ್ಮಡಿ ಕಷ್ಟ ಮಾಡಿತು. 1983ರಲ್ಲಿ ಅದರ ಎಲೆ ತಿನ್ನುವ ದುಂಬಿಯನ್ನು ಮೆಕ್ಸಿಕೊದಿಂದ ಬೆಂಗಳೂರಿಗೆ ತಂದು, ಪರೀಕ್ಷೆ ಮಾಡಿ, ಮರುವರ್ಷ ಬಿಟ್ಟರು. ಮಳೆಗಾಲದಲ್ಲಿ ಪಾರ್ಥೇನಿಯಂ ಮೇಲೆ ಕಾಣುವ, ಬೆನ್ನ ಮೇಲೆ ಕಂದು ಗೆರೆಯ ಆ ದುಂಬಿಯನ್ನು ಕೊಲ್ಲಬೇಡಿ, ಅದು ನಮ್ಮ ಪರ.

ಇತ್ತೀಚೆಗೆ ಕಸ ತೆಗೆಯಲು ಆಳು ಸಿಗುವುದು ಕಷ್ಟವಾಗಿದೆ. ಹೆಣ್ಣುಮಕ್ಕಳಿಗೆ ಬೇರೆ ಕೆಲಸ ಸಿಗುತ್ತಿರುವುದು ಒಳ್ಳೆಯದೇ. ಆ ಜಾಗಕ್ಕೆ ಅಟ್ರಾಜಿನ್ ಬಂತು. ಜೋಳ ಬಿತ್ತಿದ ಎರಡು ಮೂರು ದಿನದೊಳಗೆ, ಮೊಳಕೆ ಮೇಲೆ ಬರುವ ಮೊದಲು, ಹಸಿ ಇರುವ ಮಣ್ಣಿಗೆ ಹೊಡೆಯುವ ಕಳೆನಾಶಕ ಇದು. ಜೋಳ ಇದನ್ನು ತಡೆದುಕೊಳ್ಳುತ್ತದೆ. ತೊಗರಿ, ಹೆಸರು, ಅಲಸಂದಿ ತಡೆದುಕೊಳ್ಳುವುದಿಲ್ಲ. ಅಂದರೆ ಅಟ್ರಾಜಿನ್ ಹೊಡೆದ ಹೊಲದಲ್ಲಿ ಅಕ್ಕಡಿ ಸಾಲು ಹಾಕುವಂತಿಲ್ಲ. ಜೋಳದ ನಡುವಿನ ತೊಗರಿ ಮನೆಯ ಬೇಳೆ ಆಗಿತ್ತು, ಮಣ್ಣಿಗೆ ಸಾರ ಆಗಿತ್ತು. ಜೋಳ ಕೆಟ್ಟ ವರ್ಷ ಕೈ ಹಿಡಿಯುತ್ತಿತ್ತು. ಕಳೆನಾಶಕದ ಬೆಲೆ ಲೆಕ್ಕ ಹಾಕುವಾಗ ಈ ತೊಗರಿಯ ಬೆಲೆಯನ್ನೂ ಸೇರಿಸಬೇಕು ಎಂಬುದು ನಮ್ಮ ಅಭಿಪ್ರಾಯ.

ಕಥೆ ಇಲ್ಲಿಗೂ ಮುಗಿದಿಲ್ಲ. 2018ರಲ್ಲಿ ಅಮೆರಿಕ ಖಂಡದ ಫಾಲ್ ಸೈನಿಕ ಹುಳ ದೇಶದಲ್ಲೇ ಮೊದಲು ಕಂಡದ್ದು ನಮ್ಮ ಶಿವಮೊಗ್ಗದ ಮೆಕ್ಕೆಜೋಳದಲ್ಲಿ. ಈಗ ಅದು ಜೋಳದ ಸುಳಿಗೂ ಇಳಿಯುತ್ತದೆ. ಇದರ ಪತಂಗಕ್ಕೆ ರೆಕ್ಕೆ ಇದೆ, ಬಹಳ ದೂರ ಹಾರುತ್ತದೆ.

ಈ ವರ್ಷ ನಾವು ಮಾಡುತ್ತಿರುವುದು

ದೇಶದಲ್ಲಿ 1970ರ ಸುಮಾರಿಗೆ ಒಂದೂಮುಕ್ಕಾಲು ಕೋಟಿ ಹೆಕ್ಟೇರಿನಷ್ಟು ಜೋಳ ಇತ್ತು. ಈಗ 50 ಲಕ್ಷ ಹೆಕ್ಟೇರೂ ಇಲ್ಲ. ನಮ್ಮ ಮನೆಯಲ್ಲೂ "ಸಾಕು, ಮೆಕ್ಕೆಜೋಳ ಹಾಕೋಣ" ಎಂಬ ಮಾತು ಬಂತು. ಕಾಕಿ ಒಪ್ಪಲಿಲ್ಲ. "ರೊಟ್ಟಿ ಯಾತರದು ಮಾಡ್ಲಿ, ದನಕ್ಕ ಕಣಕಿ ಎಲ್ಲಿಂದ ತರ್ಲಿ?" ಎಂದರು. ಹಾಗಾಗಿ ಈ ಒಂದು ವರ್ಷ ನೋಡೋಣ ಎಂದು ತೀರ್ಮಾನವಾಗಿದೆ. ನಾವು ಹಾಕಿಕೊಂಡ ಲೆಕ್ಕ ಹೀಗಿದೆ:

1. ಬೇಸಿಗೆಯಲ್ಲಿ ಆಳದ ಉಳುಮೆ, ಮಳೆ ಬಿದ್ದ ಮೇಲೆ ಎರಡು ಸಲ ಹರಗುವುದು.

2. ಬದುವಿಗೆ ಬದು ಹತ್ತಿದ ಹೊಲದವರೆಲ್ಲ ಒಂದೇ ವಾರದಲ್ಲಿ ಬಿತ್ತುವುದು. ಟ್ರ್ಯಾಕ್ಟರ್ ಬಾಡಿಗೆಯನ್ನು ಕೂಡಿಯೇ ಗೊತ್ತು ಮಾಡುವುದು. ಜುಲೈ ಮೊದಲ ವಾರ ದಾಟಿದರೆ ಜೋಳ ಬಿಟ್ಟು ಬೇರೆ ಬೆಳೆ ನೋಡುವುದು.

3. ಬೀಜೋಪಚಾರ ತಪ್ಪಿಸುವುದಿಲ್ಲ. ಯಾವ ಪುಡಿ, ಎಷ್ಟು ಎಂಬುದನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ಬರೆಸಿಕೊಳ್ಳುವುದು.

4. ಎಕರೆಗೆ ಹಾಕುವ 3 ಕೆಜಿ ಬೀಜಕ್ಕೆ ಸ್ವಲ್ಪ ಹೆಚ್ಚಿಗೆ ಹಾಕಿ, ಮೂರನೇ ವಾರದಲ್ಲಿ ಸುಳಿ ಸತ್ತ ಸಸಿಗಳನ್ನು ಮೊದಲು ಕಿತ್ತು ಹೊಲದಿಂದ ಹೊರಗೆ ಹಾಕುವುದು. ಕಿತ್ತ ಎಳೆ ಜೋಳವನ್ನು ದನಕ್ಕೆ ಹಾಕಬಾರದು. ಎಳೆ ಜೋಳದಲ್ಲಿ ವಿಷದ ಅಂಶ ಇರುತ್ತದೆ, ದನ ಸಾಯಬಹುದು.

5. ಮೊದಲ ಒಂದೂವರೆ ತಿಂಗಳಲ್ಲಿ ಎರಡು ಎಡಿ, ಒಂದು ಸಲ ಕೈಯಲ್ಲಿ ಕಸ. ನಡುವೆ ತೊಗರಿಯ ಸಾಲು ಇರುತ್ತದೆ, ಆದ್ದರಿಂದ ಅಟ್ರಾಜಿನ್ ಇಲ್ಲ.

6. ಬಿಳಿ ಹೂವಿನ ಕಸ ಕಂಡರೆ ಹೂ ಬಿಡುವ ಮೊದಲೇ ಕೀಳುವುದು. ಮುಂದಿನ ವರ್ಷ ಆ ಹೊಲಕ್ಕೆ ಹತ್ತಿ.

ಇದರಲ್ಲಿ ಎರಡನೆಯದೇ ಕಷ್ಟದ್ದು. ಉಳಿದದ್ದೆಲ್ಲ ನಮ್ಮ ಕೈಯಲ್ಲಿದೆ, ಅದೊಂದು ಮಾತ್ರ ನೆರೆಹೊಲದವರ ಕೈಯಲ್ಲೂ ಇದೆ. ಕಾರಹುಣ್ಣಿಮೆಯ ದಿನ ಎತ್ತಿನ ಓಟ ಮುಗಿದ ಮೇಲೆ ಕಟ್ಟೆಯ ಮೇಲೆ ಕೂತು ಸುತ್ತಲಿನ ಏಳು ಹೊಲದವರ ಹತ್ತಿರ ಮಾತಾಡಿದೆವು. ಐವರು ಹೂಂ ಅಂದಿದ್ದಾರೆ. ಒಬ್ಬರು ಮೆಕ್ಕೆಜೋಳಕ್ಕೆ ಬೀಜ ತಂದಾಗಿದೆ ಅಂದರು. ಇನ್ನೊಬ್ಬ ಕಾಕಾ "ಮಳಿ ಹೆಂಗ ಬರತೈತಿ ನೋಡೂಣು ತಡೀರೋ" ಅಂದರು. ಅವರು ಹೇಳಿದ್ದರಲ್ಲಿ ತಪ್ಪಿಲ್ಲ.

ಶೀಗಿ ಹುಣ್ಣಿಮೆಗೆ ಚರಗ ಚೆಲ್ಲಲು ಹೋಗುವಾಗ ಹೊಲ ಹೇಗಿತ್ತು ಎಂಬುದನ್ನು ಇಲ್ಲಿಯೇ ಬರೆಯುತ್ತೇವೆ. ಚೆನ್ನಾಗಿ ಬಂದರೂ ಬರೆಯುತ್ತೇವೆ, ಕೆಟ್ಟರೂ ಬರೆಯುತ್ತೇವೆ.